ಬಿಡುವಿನ ಕೈಗೆಲಸ: ತೋಟಾ ತುಂಬುವವರ ತಪ್ಪುಗಳು

ಹೋದ ಸಂಚಿಕೆಯಲ್ಲಿ ಗೋಡೆ ಗಡಿಯಾರದ ವಿಚಾರ ಬರೆದಿದ್ದೆವು. ಅದಕ್ಕೆ ಉತ್ತರವಾಗಿ ಬಂದ ಕಾಗದಗಳ ನಡುವೆ ಗಡಿಯಾರಕ್ಕೆ ಏನೇನೂ ಸಂಬಂಧವಿಲ್ಲದ ಎರಡು ಪ್ರಶ್ನೆಗಳಿದ್ದುವು. ಒಂದು ಕೊಚ್ಚಿಯಿಂದ. ಕೊಡಗಿನಿಂದ ಬಂದು ಇಲ್ಲಿ ನೆಲೆಸಿರುವ ಸದಸ್ಯರೊಬ್ಬರ ಮಗ ಅಮೆರಿಕದಲ್ಲಿದ್ದಾನೆ. ಹಾರಿಸಿದ ರೈಫಲ್ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬುವ ಹವ್ಯಾಸ ಅವನಿಗೆ ಈಚೆಗೆ ಹತ್ತಿಕೊಂಡಿದೆ. ಹತ್ತು ತುಂಬಿದರೆ ಎರಡು ಮೂರು ಕೆಡುತ್ತವೆಯಂತೆ. ಏನು ಕಾರಣವೆಂದು ತಂದೆಗೆ ಫೋನು ಮಾಡಿದ್ದಾನೆ, ತಂದೆ ನಮಗೆ ಬರೆದಿದ್ದಾರೆ. ಎರಡನೆಯದು ತಿರುವನಂತಪುರದಿಂದ, ಒಬ್ಬ ತಾಯಿಯದು. ಮಗಳು ವಟ್ಟಿಯೂರ್ಕಾವಿನ ಗುರಿಮೈದಾನದಲ್ಲಿ ಅಭ್ಯಾಸ ಮಾಡುತ್ತಾಳೆ. ತೋಟಾದ ಖರ್ಚು ನೋಡಿ ಎದೆ ಝಲ್ಲೆನ್ನುತ್ತದೆ, ಖಾಲಿಯಾದವನ್ನು ಮತ್ತೆ ತುಂಬಿಸಿದರೆ ಉಳಿತಾಯವಾಗದೆ ಎಂದು ಕೇಳಿದ್ದಾರೆ.

ತಾಯಿಯ ಪ್ರಶ್ನೆಗೆ ಉತ್ತರ ಚಿಕ್ಕದು, ಆದ್ದರಿಂದ ಅದನ್ನು ಮೊದಲು ಮುಗಿಸುತ್ತೇವೆ. 2015ರ ರಾಷ್ಟ್ರೀಯ ಕ್ರೀಡಾಕೂಟದ ಸಮಯದಲ್ಲಿ ಸಿದ್ಧವಾದ ಆ ಮೈದಾನದಲ್ಲಿ ಹುಡುಗಹುಡುಗಿಯರು ಕಲಿಯುವುದು ಹೆಚ್ಚಾಗಿ ಗಾಳಿಕೋವಿಯಲ್ಲಿ, ಆಮೇಲೆ ಪಾಯಿಂಟ್ 22ರ ರೈಫಲಿನಲ್ಲಿ. ಗಾಳಿಕೋವಿಗೆ ಮದ್ದೇ ಇಲ್ಲ. ಪಾಯಿಂಟ್ 22ರ ತೋಟಾದಲ್ಲಿ ಕಿಡಿಮದ್ದು ತಳದ ಅಂಚಿನ ಮಡಿಕೆಯೊಳಗೇ ಕೂತಿರುತ್ತದೆ. ಕೋವಿಯ ಸೂಜಿ ಆ ಅಂಚನ್ನು ಜಜ್ಜಿದಾಗ ಹೊತ್ತಿಕೊಳ್ಳುತ್ತದೆ. ಜಜ್ಜಿದ ಅಂಚನ್ನು ನೆಟ್ಟಗೆ ಮಾಡಿ ಮತ್ತೆ ಮದ್ದು ಸುರಿಯುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಹೀಗಾಗಿ ಆ ತಾಯಿಯವರು ಉಳಿತಾಯದ ದಾರಿಯನ್ನು ಬೇರೆ ಕಡೆ ಹುಡುಕಬೇಕು.

ಮತ್ತೆ ತುಂಬಲು ಬರುವುದು ತಳದ ನಡುವೆ ಪ್ರತ್ಯೇಕವಾಗಿ ಕೇಪು ಕೂರಿಸಿದ ತೋಟಾ ಮಾತ್ರ. ಅದರಲ್ಲಿ ನಾಲ್ಕು ವಸ್ತುಗಳಿವೆ: ಹಿತ್ತಾಳೆಯ ಕೊಳವೆ, ಕೇಪು, ಮದ್ದು, ಗುಂಡು. ಹಾರಿಸಿದ ಮೇಲೆ ಕೊಳವೆಯೊಂದೇ ಉಳಿಯುತ್ತದೆ, ಮತ್ತು ನಾಲ್ಕರಲ್ಲಿ ಬೆಲೆಯುಳ್ಳದ್ದೂ ಅದೇ. ಅದನ್ನು ಅಳತೆಗೆ ತಂದು, ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಒತ್ತುವುದೇ ತೋಟಾ ತುಂಬುವ ಕೆಲಸ. ಕೇಳಲು ಹೋಳಿಗೆಗೆ ಹೂರಣ ತುಂಬಿದಷ್ಟು ಸುಲಭವಾಗಿ ಕಾಣುತ್ತದೆ. ಹೂರಣ ಹೆಚ್ಚಾದರೆ ಹೋಳಿಗೆ ಹರಿಯುತ್ತದೆ. ಇಲ್ಲಿ ಹರಿಯುವುದು ಕೋವಿ, ಅದೂ ಕೆನ್ನೆಗೆ ಒತ್ತಿ ಹಿಡಿದ ಹೊತ್ತಿನಲ್ಲಿ.

ಮುಂದೆ ಹೋಗುವ ಮೊದಲು ನಮ್ಮ ದೇಶದ ಕಾನೂನಿನ ಮಾತು ಹೇಳಿಬಿಡಬೇಕು. ಅಮೆರಿಕದಲ್ಲಿ ಈ ಸಾಮಾನುಗಳೆಲ್ಲ ಅಂಗಡಿಯಲ್ಲಿ ಸಿಗುತ್ತವೆ. ಇಲ್ಲಿ 1959ರ ಆಯುಧ ಕಾಯಿದೆಯ 5ನೆಯ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು. ಅದಿಲ್ಲದೆ ತಯಾರಿಸಿದವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷದ ಸಜೆ. ಬಹಳ ಜನಕ್ಕೆ ತಿಳಿಯದ ಸಂಗತಿಯೊಂದಿದೆ: ಮದ್ದುಗುಂಡು ಎಂಬ ಪದದ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಸೇರಿವೆ. ಆದಕಾರಣ ಮಗ ರಜಕ್ಕೆ ಬರುವಾಗ ಆ ಚಿಕ್ಕ ಪ್ರೆಸ್ಸನ್ನೋ ಒಂದು ಡಬ್ಬಿ ಕೇಪನ್ನೋ ಪೆಟ್ಟಿಗೆಯಲ್ಲಿಟ್ಟು ನೆಡುಂಬಾಶ್ಶೇರಿಯಲ್ಲಿ ಇಳಿಯುವ ಯೋಚನೆ ಮಾಡಬಾರದು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆಯಲ್ಲ ಎಂದು ಕೆಲವರು ಕೇಳಬಹುದು. ಇದೆ, 2019ರಲ್ಲಿ ಸರ್ಕಾರ ಅದನ್ನು 2029ರ ಅಕ್ಟೋಬರಿನವರೆಗೆ ಮುಂದುವರಿಸಿದೆ. ಆದರೆ ಅದು ಇಟ್ಟುಕೊಳ್ಳುವುದಕ್ಕೆ ಕೊಟ್ಟ ವಿನಾಯಿತಿ, ತಯಾರಿಸುವುದಕ್ಕೆ ಕೊಟ್ಟದ್ದೆಂದು ತಿಳಿಯಕೂಡದು. ಹೀಗೆ ಮುಂದಿನ ಮಾತೆಲ್ಲ ಕಾನೂನು ಅನುಮತಿ ಕೊಟ್ಟ ಊರಿನಲ್ಲಿರುವ ಆ ಹುಡುಗನಿಗಾಗಿ. ಇಲ್ಲಿರುವವರಿಗೆ ಬೇಕಾದ ವಿಷಯವೂ ಇದೆ, ಕೊನೆಯಲ್ಲಿ ಬರುತ್ತದೆ.

ಹೊಸಬನ ಮೊದಲ ತಪ್ಪು ಪ್ರೆಸ್ಸಿನ ಹತ್ತಿರ ಹೋಗುವ ಮೊದಲೇ ಆಗಿರುತ್ತದೆ. ಮೈದಾನದಲ್ಲಿ ಬಿದ್ದ ಕೊಳವೆಗಳನ್ನೆಲ್ಲ ಹುಣಿಸೇಬೀಜ ಆರಿಸಿದಂತೆ ಬಾಚಿ ತರುತ್ತಾನೆ. ಯಾವುದು ಎಷ್ಟು ಸಲ ಹಾರಿದೆಯೋ ದೇವರೇ ಬಲ್ಲ. ಹಿತ್ತಾಳೆ ಬಡಿದಷ್ಟೂ ಬಿರುಸಾಗುವ ಲೋಹ, ಪಾತ್ರೆ ಮಾಡುವ ಕಂಚುಗಾರರಿಗೆ ಇದು ಗೊತ್ತು. ಹಾರಿದಾಗ ಹಿಗ್ಗಿ, ಅಚ್ಚಿನಲ್ಲಿ ಕುಗ್ಗಿ, ಮತ್ತೆ ಹಿಗ್ಗಿ, ಕೊನೆಗೆ ಕುತ್ತಿಗೆಯಲ್ಲಿ ಕೂದಲೆಳೆಯಂಥ ಸೀಳು ಬಿಡುತ್ತದೆ. ಅಂಥದನ್ನು ಬಿಸಾಡಲೇಬೇಕು. ಕುತ್ತಿಗೆಯನ್ನು ಮಾತ್ರ ಹದವಾಗಿ ಕಾಯಿಸಿ ಮೆತ್ತಗೆ ಮಾಡುವ ಪದ್ಧತಿಯಿದೆ. ಆದರೆ ತಳಕ್ಕೆ ಆ ಕಾವು ತಾಗಿ ತಳ ಮೆತ್ತಗಾದರೆ ಒತ್ತಡವನ್ನು ತಡೆಯಬೇಕಾದ ಭಾಗವೇ ಹೋದಂತೆ. ಹೊಸಬರು ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

ಕೊಳವೆಯೊಳಗೆ ಇಣುಕಿ ನೋಡುವುದೂ ಅಗತ್ಯ. ತಳದಲ್ಲಿ ನಡುವೆ ಒಂದು ತೂತಿದ್ದರೆ ಅದು ಬಾಕ್ಸರ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿಯ ಹೆಸರಿನ ಬಗೆ. ಎರಡು ಸಣ್ಣ ತೂತುಗಳಿದ್ದರೆ ಬರ್ಡನ್ ಎಂಬ ಅಮೆರಿಕನ್ನನ ಹೆಸರಿನದು. ತಮಾಷೆಯೆಂದರೆ ಇಂದು ಅಮೆರಿಕದವರು ಬಳಸುವುದು ಇಂಗ್ಲಿಷಿನವನದನ್ನು. ಹಳೆಯ ಬ್ರಿಟಿಷ್ ಪಾಯಿಂಟ್ 303 ತೋಟಾಗಳಲ್ಲಿದ್ದದ್ದು ಅಮೆರಿಕನ್ನನದು. ಹಳೆಯ ಕೇಪನ್ನು ಹೊರದೂಡುವ ಕಡ್ಡಿ ಒಂದು ತೂತಿಗೆಂದು ಮಾಡಿದ್ದು. ಎರಡು ತೂತಿನದಕ್ಕೆ ಒತ್ತಿದರೆ ಕಡ್ಡಿ ಮುರಿಯುತ್ತದೆ. ಹುಡುಗ ಕಡ್ಡಿ ಕಳಪೆಯೆಂದು ಅಂಗಡಿಯವನನ್ನು ಬೈದಿದ್ದರೆ ಆಶ್ಚರ್ಯವಿಲ್ಲ.

ಎರಡನೆಯದು ಎಣ್ಣೆಯ ವಿಚಾರ. ಕೊಳವೆಯನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲ ಅಳತೆಗೆ ತರುವಾಗ ಮೈಗೆ ಜಿಡ್ಡು ಸವರಬೇಕು. ಸವರದಿದ್ದರೆ ಕೊಳವೆ ಅಚ್ಚಿನಲ್ಲಿ ಕಚ್ಚಿಕೊಂಡು, ಹಿಡಿ ಎಳೆದಾಗ ಅಂಚು ಮಾತ್ರ ಕಿತ್ತು ಬರುತ್ತದೆ. ಕೊನೆಗೆ ತಳಕ್ಕೆ ತೂತು ಕೊರೆದು, ಮರೆ ಹಾಕಿ, ತಿರುಪು ಕೊಟ್ಟು ಹೊರಗೆಳೆಯುವ ಪ್ರಾರಬ್ಧ. ಒಮ್ಮೆ ಹೀಗಾದವನು ಎರಡನೆಯ ಸಲ ಇಡ್ಲಿ ತಟ್ಟೆಗೆ ಎಣ್ಣೆ ಸುರಿದ ಹಾಗೆ ಸುರಿಯುತ್ತಾನೆ. ಆಗ ಜಿಡ್ಡಿಗೆ ಹೋಗಲು ಜಾಗವಿಲ್ಲದೆ ಕೊಳವೆಯ ಭುಜದಲ್ಲಿ ತಗ್ಗು ಬೀಳುತ್ತದೆ. ಬೆರಳಿಗೆ ಹತ್ತಿದಷ್ಟು ಜಿಡ್ಡು ಸಾಕು. ಕೆಲಸ ಮುಗಿದ ಮೇಲೆ ಅದನ್ನು ಒರಸಿ ತೆಗೆಯುವುದೂ ಕೆಲಸದ ಭಾಗವೇ.

ಈಗ ಬರುವುದು ಕಣ್ಣಿಗೆ ಕಾಣದ ತಪ್ಪು. ಅಚ್ಚನ್ನು ಬೇಕಾದ್ದಕ್ಕಿಂತ ಕೆಳಗೆ ತಿರುಗಿಸಿಟ್ಟರೆ ಕೊಳವೆಯ ಭುಜ ಹಿಂದಕ್ಕೆ ಸರಿಯುತ್ತದೆ. ಅಂಥ ತೋಟಾ ಕೋವಿಯಲ್ಲಿ ಸಲೀಸಾಗಿ ಕೂರುತ್ತದೆ, ಹೊಸಬನಿಗೆ ಸಂತೋಷವೂ ಆಗುತ್ತದೆ. ಆದರೆ ಮುಂದೆ ತೆರಪು ಉಳಿದಿರುವುದರಿಂದ ಹಾರಿದಾಗ ಹಿತ್ತಾಳೆ ಉದ್ದಕ್ಕೆ ಎಳೆದುಕೊಳ್ಳುತ್ತದೆ, ಎಳೆತವೆಲ್ಲ ತಳದ ಸ್ವಲ್ಪ ಮೇಲೆ ಒಂದೇ ಕಡೆ ಬೀಳುತ್ತದೆ. ಕೆಲವು ಸಲ ಹಾರಿದ ಮೇಲೆ ಅಲ್ಲಿ ಹೊಳೆಯುವ ಒಂದು ಉಂಗುರ ಮೂಡುತ್ತದೆ. ಅದನ್ನು ಕಂಡೂ ಮತ್ತೆ ತುಂಬಿದರೆ ಒಂದು ದಿನ ತೋಟಾ ಎರಡು ತುಂಡಾಗಿ, ಬಿಸಿ ಅನಿಲ ಹಿಂದಕ್ಕೆ, ಅಂದರೆ ಮುಖದ ಕಡೆಗೆ, ನುಗ್ಗುತ್ತದೆ. ಹೊರಗೆ ಉಂಗುರ ಕಾಣದೆಯೂ ಒಳಗೆ ಸವೆದಿರಬಹುದು. ಕಾಗದಕ್ಕೆ ಹಾಕುವ ತಂತಿಯ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ತುದಿಯನ್ನು ಚೂರೇ ಬಗ್ಗಿಸಿ, ಕೊಳವೆಯ ಒಳಗೋಡೆಯ ಮೇಲೆ ತಳದಿಂದ ಮೇಲಕ್ಕೆ ಎಳೆಯಬೇಕು. ತಳದ ಸಮೀಪ ಎಲ್ಲಾದರೂ ತಂತಿ ತಗ್ಗಿಗೆ ಬಿದ್ದು ಎಡವಿದಂತಾದರೆ ಆ ಕೊಳವೆಯ ಆಯಸ್ಸು ಮುಗಿಯಿತು. ಕಾಸಿನ ತಂತಿಯಿಂದಾಗುವ ಇಂಥ ಪರೀಕ್ಷೆಯನ್ನು ಬಿಟ್ಟು ಕೊಳವೆಗಳನ್ನು ಕನ್ನಡಿಯಂತೆ ಉಜ್ಜಿ ಹೊಳೆಯಿಸುವುದರಲ್ಲೇ ಸಂಜೆ ಕಳೆಯುವವರನ್ನು ಕಂಡರೆ ನಮಗೆ ಆಗದು. ಹೊಳಪಿಗೆ ಗುರಿ ತಾಗುವುದಿಲ್ಲ.

ಎಳೆದುಕೊಂಡ ಕೊಳವೆ ಉದ್ದವೂ ಆಗುತ್ತದೆ. ಅಳೆದು ಕತ್ತರಿಸದಿದ್ದರೆ ಅದರ ಬಾಯಿ ನಳಿಗೆಯ ಕಿರಿದಾದ ಜಾಗಕ್ಕೆ ತುರುಕಿಕೊಂಡು ಗುಂಡನ್ನು ಬಿಗಿಹಿಡಿಯುತ್ತದೆ, ಒತ್ತಡ ಏರುತ್ತದೆ. ಕೇಪು ಕೂರಿಸುವಾಗ ಅದು ತಳದ ಮಟ್ಟಕ್ಕಿಂತ ಕೂದಲಿನಷ್ಟು ಒಳಗಿರಬೇಕು. ಬೆರಳು ಸವರಿದರೆ ತಿಳಿಯುತ್ತದೆ. ಎದ್ದು ನಿಂತ ಕೇಪು ಒಮ್ಮೊಮ್ಮೆ ಹೊತ್ತಿಕೊಳ್ಳುವುದೇ ಇಲ್ಲ, ಒಮ್ಮೊಮ್ಮೆ ತಾನಾಗಿ ತುಂಬಿಕೊಳ್ಳುವ ಕೋವಿಗಳಲ್ಲಿ ಬೋಲ್ಟು ಮುಚ್ಚುವ ಹೊತ್ತಿಗೇ ಹೊತ್ತಿಕೊಳ್ಳುತ್ತದೆ.

ಇನ್ನು ಮದ್ದಿನ ಮಾತು. ಉಳಿದ ತಪ್ಪುಗಳು ಹಿತ್ತಾಳೆಯನ್ನು ಕೆಡಿಸಿದರೆ ಇಲ್ಲಿಯ ತಪ್ಪು ಮನುಷ್ಯನನ್ನೇ ಕೆಡಿಸುತ್ತದೆ.

ಮೊದಲು ಅಳತೆ ತಿಳಿಯಬೇಕು. ಪುಸ್ತಕಗಳಲ್ಲಿ ಮದ್ದಿನ ಪ್ರಮಾಣವನ್ನು ಗ್ರೇನಿನಲ್ಲಿ ಕೊಟ್ಟಿರುತ್ತಾರೆ. ಆ ಮಾತಿಗೆ ಕಾಳು ಎಂಬ ಅರ್ಥವೂ ಇರುವುದರಿಂದ ಮದ್ದಿನ ಕಾಳನ್ನು ಎಣಿಸಬೇಕೆಂದು ತಿಳಿದವರುಂಟು. ಅದು ತೂಕ, ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರಾಮಿಗೆ ಸುಮಾರು ಹದಿನೈದೂವರೆ. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ಹೆಚ್ಚುಕಡಿಮೆ 2 ಗ್ರೇನ್ ತೂಗುತ್ತದೆ. ಲೆಕ್ಕಕ್ಕೆಂದು ಒಂದು ತೋಟಾಕ್ಕೆ ಗರಿಷ್ಠ 40 ಗ್ರೇನ್ ಎಂದಿಟ್ಟುಕೊಳ್ಳೋಣ (ಇದು ಪ್ರಮಾಣವಲ್ಲ, ಲೆಕ್ಕ ಮಾತ್ರ). ಹೊಸಬರು ಅದಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆಯಿಂದ ಆರಂಭಿಸಬೇಕೆಂದು ಪುಸ್ತಕಗಳು ಸಾಮಾನ್ಯವಾಗಿ ಹೇಳುತ್ತವೆ. ಆ ಹತ್ತರಷ್ಟು ಎಂದರೆ 4 ಗ್ರೇನ್, ಎರಡು ಗುಲಗಂಜಿ. ಕ್ಷೇಮಕ್ಕೂ ಅಪಾಯಕ್ಕೂ ಇರುವ ಅಂತರ ಇಷ್ಟೇ. ಇಂಥ ತೂಕವನ್ನು ಫ್ಯಾನು ತಿರುಗುತ್ತಿರುವ ಕೋಣೆಯಲ್ಲಿ ತೂಗಬಾರದು. ಗಾಳಿಗೆ ತಕ್ಕಡಿಯ ತಟ್ಟೆ ತೂಗಾಡಿ ಸುಳ್ಳು ಹೇಳುತ್ತದೆ. ಕೂರುವ ಮುನ್ನ ಪ್ರತಿಸಲವೂ ತಕ್ಕಡಿಯನ್ನು ಸೊನ್ನೆಗೆ ತಂದು, ತೂಕ ತಿಳಿದ ಕಲ್ಲೊಂದನ್ನು ಇಟ್ಟು ನೋಡಬೇಕು. ಅಕ್ಕಸಾಲಿಗರು ಚಿನ್ನಕ್ಕೆ ಇಷ್ಟು ಮಾಡುತ್ತಾರೆ, ಕಣ್ಣಿಗೆ ಅಷ್ಟೂ ಮಾಡದಿರುವುದೆ?

ಹಾಗಾದರೆ ಇನ್ನೂ ಕಡಿಮೆ ಹಾಕಿದರೆ ಇನ್ನೂ ಕ್ಷೇಮವಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ನಿಧಾನವಾಗಿ ಉರಿಯುವ ಮದ್ದನ್ನು ತೀರ ಕಡಿಮೆ ಹಾಕಿದರೆ ಉರಿ ಕ್ರಮತಪ್ಪಿ, ಗುಂಡು ನಳಿಗೆಯಲ್ಲೇ ನಿಲ್ಲುವುದೂ ಉಂಟು. ಪುಸ್ತಕದ ಆರಂಭದ ಅಂಕಿಗಿಂತ ಕೆಳಗೂ ಹೋಗಕೂಡದು.

ಮದ್ದಿನ ಸ್ವಭಾವವನ್ನು ಬಲ್ಲವರು ನಮ್ಮ ತಿರುವನಂತಪುರದ ಮನೆಗಳಲ್ಲೇ ಇದ್ದಾರೆ. 1963ನೆಯ ನವೆಂಬರ್ 21ರಂದು ತುಂಬಾದ ಕಡಲತಡಿಯಿಂದ ಮೊದಲ ರಾಕೆಟ್ಟು ಮೇಲೇರಿದ ಮೇಲೆ, ಅಲ್ಲಿನ ಕೇಂದ್ರದಲ್ಲಿ ದುಡಿಯಲು ಬಂದ ಕನ್ನಡ ಕುಟುಂಬಗಳು ಕಡಿಮೆಯಲ್ಲ. (ನಮ್ಮ ತುಂಬೆಹೂವನ್ನೇ ಮಲಯಾಳದವರು ತುಂಬ ಎನ್ನುತ್ತಾರೆ, ಆ ಊರಿಗೆ ಹೋದ ಕನ್ನಡಿಗರಿಗೆ ಹೆಸರು ಹೊಸತೆನಿಸದು.) ಅವರನ್ನು ಕೇಳಿದರೆ ಹೇಳುತ್ತಾರೆ: ಘನ ಇಂಧನ ಉರಿಯುವುದು ಮೈಮೇಲಿಂದ. ಮೈ ಹೆಚ್ಚಿದಷ್ಟೂ ಅನಿಲ ಹೆಚ್ಚು, ಅನಿಲ ಹೆಚ್ಚಿ ಒತ್ತಡ ಏರಿದಷ್ಟೂ ಉರಿ ಇನ್ನೂ ಚುರುಕು. ಆದ್ದರಿಂದಲೇ ರಾಕೆಟ್ಟಿನ ಇಂಧನದಲ್ಲಿ ಬಿರುಕಿದೆಯೇ ಎಂದು ಎಕ್ಸ್‌ರೇ ಹಿಡಿದು ನೋಡುತ್ತಾರೆ. ಒಂದು ಬಿರುಕು ಎಂದರೆ ಲೆಕ್ಕಕ್ಕೆ ಸಿಗದ ಇನ್ನೊಂದು ಉರಿಯುವ ಮೈ. ರೈಫಲಿನ ಮದ್ದಿಗೂ ಇದೇ ನ್ಯಾಯ. ಒಂದು ಮದ್ದು ಕೊಳವೆಕಾಳು, ಒಂದು ಉಂಡೆಕಾಳು, ಒಂದು ಬಿಲ್ಲೆ. ಆಕಾರ, ಗಾತ್ರ, ಮೇಲಿನ ಲೇಪ, ಇವೇ ಉರಿಯ ವೇಗವನ್ನು ನಿರ್ಧರಿಸುವುದು. ಎರಡು ಡಬ್ಬಿಯ ಮದ್ದು ಒಂದೇ ಬಣ್ಣದ್ದಾಗಿರಬಹುದು, ಅದರಿಂದ ಏನೂ ತಿಳಿಯದು. ಬೆರೆಸಬಾರದು, ಪುಡಿ ಮಾಡಬಾರದು. ಮೇಜಿನ ಮೇಲೆ ಯಾವಾಗಲೂ ಒಂದೇ ಡಬ್ಬಿ ಇರತಕ್ಕದ್ದು, ಕೆಲಸ ಮುಗಿದ ಕೂಡಲೆ ಉಳಿದದ್ದು ಅದೇ ಡಬ್ಬಿಗೆ ಹೋಗತಕ್ಕದ್ದು. ಹೆಸರು ಗೊತ್ತಿಲ್ಲದ ಮದ್ದು ಎಷ್ಟೇ ದುಬಾರಿಯದಾಗಿರಲಿ, ಕೆಲಸಕ್ಕೆ ಬಾರದು.

ಒಂದೇ ತೋಟಾಕ್ಕೆ ಎರಡು ಸಲ ಮದ್ದು ಬೀಳುವುದು ಮತ್ತು ಒಂದು ಸಲವೂ ಬೀಳದಿರುವುದು, ಎರಡೂ ಆಗುವುದು ಮಾತಿನ ನಡುವೆ. ಫೋನು ಬರುತ್ತದೆ, ಕಾಫಿ ಬರುತ್ತದೆ, ಎಲ್ಲಿಯವರೆಗೆ ಬಂದಿದ್ದೆ ಎಂಬುದು ಮರೆಯುತ್ತದೆ. ಪರಿಹಾರವಿಷ್ಟು. ಖಾಲಿ ಕೊಳವೆಗಳನ್ನು ಬಾಯಿ ಕೆಳಗೆ ಮಾಡಿ ಹಲಗೆಯ ಮೇಲಿಡಬೇಕು, ಮದ್ದು ಹಾಕಿದ್ದನ್ನು ಬಾಯಿ ಮೇಲೆ ಮಾಡಿ. ಗುಂಡು ಕೂರಿಸುವ ಮೊದಲು ದೀಪ ಹಿಡಿದು ಸಾಲಿನಲ್ಲಿ ಪ್ರತಿಯೊಂದರೊಳಗೂ ನೋಡಬೇಕು. ಒಂದರಲ್ಲಿ ಮಟ್ಟ ಬೇರೆಯಿದ್ದರೆ ತಕ್ಷಣ ಕಾಣುತ್ತದೆ. ಕೊಳವೆಯ ಅರ್ಧಕ್ಕಿಂತ ಹೆಚ್ಚು ತುಂಬುವ ಮದ್ದನ್ನೇ ಪುಸ್ತಕದಿಂದ ಆರಿಸಿಕೊಂಡರೆ ಎರಡನೆಯ ಸಲ ಹಾಕಿದ್ದು ಹೊರಗೆ ಚೆಲ್ಲಿ ತಾನೇ ಕೂಗಿ ಹೇಳುತ್ತದೆ. ಮಧ್ಯೆ ಎದ್ದು ಹೋಗಬೇಕಾದರೆ ಕೈಯಲ್ಲಿದ್ದದ್ದನ್ನು ಡಬ್ಬಿಗೆ ಸುರಿದು ಏಳುವುದು.

ಗುಂಡನ್ನು ಅತಿಯಾಗಿ ಒಳಗೆ ಒತ್ತಿದರೆ ಮದ್ದಿಗೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಸಡಿಲವಾಗಿ ಕೂತ ಗುಂಡು ಕೋವಿಗೆ ತುಂಬುವಾಗ ತಾನೇ ಒಳಕ್ಕೆ ಜಾರಿ ಅದೇ ಅನಾಹುತ ಮಾಡುತ್ತದೆ. ಎರಡಕ್ಕೂ ಅಳತೆಯ ಕಡ್ಡಿಯೇ ಮದ್ದು. ಅನುಮಾನ ಬಂದ ತೋಟಾವನ್ನು, ಅದಕ್ಕೆಂದೇ ಇರುವ ಗುಂಡು ಕೀಳುವ ಸುತ್ತಿಗೆಯಿಂದ ಬಿಚ್ಚಿ ಮೊದಲಿಂದ ಮಾಡಬೇಕು. ಹಾರಿಸಿ ನೋಡೋಣ ಎನ್ನುವ ಮಾತು ಇಲ್ಲಿ ನಡೆಯದು.

ಇಷ್ಟಾದರೂ ಎಲ್ಲೋ ಒಂದು ತಪ್ಪು ನುಸುಳಿ ಮೈದಾನದಲ್ಲಿ ಟಪ್ಪೆಂದು ಸಪ್ಪೆ ಸದ್ದಾಯಿತೆನ್ನಿ, ಹೆಗಲಿಗೆ ಒದೆತವೇ ತಗಲಲಿಲ್ಲ. ಅಂಥದರಲ್ಲಿ ಮದ್ದಿಲ್ಲದೆ ಕೇಪಿನ ಬಲವೊಂದೇ ಗುಂಡನ್ನು ನಳಿಗೆಯವರೆಗೆ ತಳ್ಳಿ ಅಲ್ಲಿ ಸಿಕ್ಕಿಸಿರಬಹುದು. ಹೊಸಬ ಬೋಲ್ಟು ಎಳೆದು ಇನ್ನೊಂದನ್ನು ತುಂಬಿ ಹೊಡೆಯುತ್ತಾನೆ; ಎರಡನೆಯ ಗುಂಡು ಮೊದಲನೆಯದಕ್ಕೆ ಬಡಿದು ನಳಿಗೆ ಸಿಡಿಯುತ್ತದೆ. ಸದ್ದು ಬೇರೆಯಾದರೆ ನಿಲ್ಲಿಸಬೇಕು. ಕೆಲವು ಸಲ ಮದ್ದು ತಡವಾಗಿ ಹೊತ್ತುವುದರಿಂದ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು. ಆಮೇಲೆ ಬೋಲ್ಟು ತೆಗೆದು ಹಿಂದಿನಿಂದ ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ಎಂದು ನೋಡಬೇಕು.

ಈ ಕೆಲಸ ಊಟದ ಮೇಜಿನ ಮೇಲೆ ಆಗಕೂಡದೆಂದು ಮನೆಯವರು ತಕರಾರು ಮಾಡಿದರೆ ಅದು ನ್ಯಾಯವಾದ ತಕರಾರು. ಗುಂಡಿನಲ್ಲೂ ಕೇಪಿನ ಮಸಿಯಲ್ಲೂ ಸೀಸವಿದೆ, ಕೊಳವೆ ಉಜ್ಜಿದ ಧೂಳಿನಲ್ಲೂ ಇದೆ. ಸಣ್ಣ ಮಕ್ಕಳ ಮೈಗೆ ಅದು ವಿಷ. ಬೇರೆ ಜಾಗ, ಬೇರೆ ಬಟ್ಟೆ, ಕೊನೆಯಲ್ಲಿ ಸೋಪು ಹಾಕಿ ಕೈತೊಳೆತ.

ಈಗ ಇಲ್ಲಿಯವರ ವಿಷಯ. ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಊರಿಗೆ ಹೋಗಿ, ಕೋವಿಗೆ ತೋಕ್‌ಪೂ ಮುಡಿಸಿ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿಯಿಟ್ಟು ಬರುವವರು ನಮ್ಮ ಸಂಘದಲ್ಲೂ ಇದ್ದಾರೆ. ಅಜ್ಜನ ಕಾಲದ ಕೇಪಿನ ಕೋವಿ ಕಪ್ಪು ಮದ್ದಿಗೆಂದು ಮಾಡಿದ್ದು. ಕಪ್ಪು ಮದ್ದು ಪೆಟ್ಲುಪ್ಪು, ಗಂಧಕ, ಇದ್ದಲುಗಳ ಮಿಶ್ರಣ. ಹೊಗೆಯಿಲ್ಲದ ಮದ್ದು 1884ರಲ್ಲಿ ಫ್ರಾನ್ಸಿನ ವಿಯೆಲ್ ಎಂಬಾತ ಕಂಡುಹಿಡಿದ ಬೇರೆಯೇ ವಸ್ತು, ಅದರ ಒತ್ತಡವೂ ಬೇರೆ. ಈಗಿನ ತೋಟಾ ಬಿಚ್ಚಿ ಅದರ ಮದ್ದನ್ನು ಅಜ್ಜನ ಕೋವಿಗೆ ಸುರಿದು ಜಡಿಯುವುದು ನಾವು ಇದುವರೆಗೆ ಹೇಳಿದ ಎಲ್ಲ ತಪ್ಪುಗಳಿಗಿಂತ ದೊಡ್ಡದು. ಆ ನಳಿಗೆ ಒಂದು ಈಡನ್ನೂ ತಾಳಲಿಕ್ಕಿಲ್ಲ. ಕಪ್ಪು ಮದ್ದು ಉರಿದ ಮಸಿ ತೇವವನ್ನು ಹೀರುತ್ತದೆ, ಅದಕ್ಕೆ ಎಣ್ಣೆ ಸವರಿದರೆ ಸಾಲದು. ಬಿಸಿನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ. ಕೊಚ್ಚಿಯ ಮಳೆಗಾಲದಲ್ಲಿ ಅಡಿಗೆಮನೆಯ ಈಳಿಗೆಯೇ ಒಂದು ರಾತ್ರಿಗೆ ಕೆಂಪಾಗುವಾಗ ನಳಿಗೆಯ ಗತಿ ಹೇಳಬೇಕಾಗಿಲ್ಲ.

ಊರಿಂದ ಹಿಂತಿರುಗುವಾಗ ಚೀಲ, ಕೋಟಿನ ಜೇಬು, ಮಕ್ಕಳ ಪೆಟ್ಟಿಗೆ ಎಲ್ಲವನ್ನೂ ಕೊಡವಿ ನೋಡುವುದು ಒಳ್ಳೆಯದು. ಮರೆತು ಉಳಿದ ಒಂದೇ ಒಂದು ತೋಟಾ ವಿಮಾನ ನಿಲ್ದಾಣದ ಯಂತ್ರದಲ್ಲಿ ಕಂಡರೆ ಪ್ರಯಾಣವೂ ತಪ್ಪಿ ಠಾಣೆಯ ಮೆಟ್ಟಿಲೂ ಹತ್ತಬೇಕಾಗುತ್ತದೆ. ಹಳೆಯ ಟ್ರಂಕಿನ ತಳದಲ್ಲಿ ಅಜ್ಜ ಬಿಟ್ಟುಹೋದ ತೋಟಾಗಳು ಸಿಕ್ಕರೆ, ಹಿತ್ತಾಳೆ ಹಸಿರುಗಟ್ಟಿದ್ದರೂ ಮದ್ದು ಸತ್ತಿದೆಯೆಂದು ಭಾವಿಸಬಾರದು. ಬಡಿಯುವುದು, ಒಲೆಗೆ ಹಾಕುವುದು, ಹಿನ್ನೀರಿಗೆ ಎಸೆಯುವುದು, ಗುಜರಿಯವನಿಗೆ ಕೊಡುವುದು ಯಾವುದೂ ಸಲ್ಲದು. ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿಟ್ಟು, ಮೊದಲು ಠಾಣೆಗೆ ಫೋನು ಮಾಡಿ ವಿಷಯ ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ ರಸೀತಿ ಪಡೆಯಬೇಕು. ಆ ರಸೀತಿಯನ್ನು ಮನೆಯ ಕಾಗದಪತ್ರಗಳ ಜೊತೆಯಲ್ಲೇ ಇಟ್ಟುಕೊಳ್ಳತಕ್ಕದ್ದು.